ಸಿರಸಂಗಿ–ನಾಗನೂರು ಪ್ರಾಂತದ ವಿದ್ಯಾರ್ಥಿನಿಲಯಗಳೂ ವೈದ್ಯವಿದ್ಯೆಯೂ

೧. ವಿಷಯಪ್ರವೇಶ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ದಕ್ಷಿಣ ಪೂರ್ವಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ನಾಡು. ಸವದತ್ತಿಯು ರಟ್ಟರ ಶಾಸನಗಳಲ್ಲಿ ಕಾಣುವ ಸುಗಂಧವರ್ತಿ. ಕಿತ್ತೂರು ೧೮೨೪ರ ಯುದ್ಧದಿಂದ ಪ್ರಸಿದ್ಧವಾದುದು. ರಾಣಿ ಚೆನ್ನಮ್ಮನು ೧೮೨೯ರಲ್ಲಿ ದೇಹವಿಟ್ಟು ಮಣ್ಣಾದುದು ಬೈಲಹೊಂಗಲದಲ್ಲಿ. ಈ ನಾಡಿನ ಅರಸರನ್ನೂ ಯುದ್ಧಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅಕ್ಷರವನ್ನೇ ಕಾಣದ ಒಕ್ಕಲು ಮನೆತನದಿಂದ ಹೊರಟ ಹುಡುಗನೊಬ್ಬನು ಕಾಲೇಜನ್ನು ಸೇರಿ ವೈದ್ಯನಾಗಿ, ಮುಂದೆ ಆರೋಗ್ಯಕಾರ್ಯದ ಧುರೀಣನಾಗುವಂತಹ ಮಾರ್ಗವು ಇಲ್ಲಿ ಹೇಗೆ ಏರ್ಪಟ್ಟಿತೆಂಬ ವಿಷಯವು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಅದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಮನೆತನದಲ್ಲಿ ಮೊಟ್ಟಮೊದಲಾಗಿ ಕಾಲೇಜಿನ ಮೆಟ್ಟಿಲನ್ನೇರುವ ವಿದ್ಯಾರ್ಥಿಗೆ ಮೂರು ಕೊರತೆಗಳಿರುತ್ತವೆ. ಪರಸ್ಥಳದಲ್ಲಿ ಅವನಿಗೆ ಅನ್ನವಿಲ್ಲ, ಇರಲು ಆಶ್ರಯವಿಲ್ಲ, ಯಾವ ಪರೀಕ್ಷೆಗೆ ಕೂಡಬೇಕು, ಯಾವ ಶಾಖೆಯನ್ನು ಆರಿಸಬೇಕು, ಯಾರನ್ನು ಕಾಣಬೇಕು ಎಂದು ಹೇಳಿಕೊಡುವ ಹಿರಿಯನು ಮನೆಯಲ್ಲಿಲ್ಲ. ಮೊದಲಿನ ಎರಡು ಕೊರತೆಗಳು ಬಡತನದಿಂದ ಬಂದವು. ಮೂರನೆಯದು ಉಳ್ಳವರ ಮನೆಯಲ್ಲಿಯೂ ಇರಬಹುದು. ಪ್ರಾಚೀನ ಪದ್ಧತಿಯಲ್ಲಿ ಈ ಮೂರೂ ವಿದ್ಯೆಯೊಡನೆ ಹೆಣೆದುಕೊಂಡಿದ್ದುವು. ಆಂಗ್ಲವಿದ್ಯಾಪದ್ಧತಿಯಲ್ಲಿ ಅವು ವಿದ್ಯೆಯಿಂದ ಬೇರ್ಪಟ್ಟುವು. ಅವನ್ನು ಮರಳಿ ಕೂಡಿಸಿದ್ದೇ ವಿದ್ಯಾರ್ಥಿನಿಲಯಗಳ ಚಾರಿತ್ರಿಕ ಮಹತ್ತ್ವ. ವೈದ್ಯವಿದ್ಯೆಯಾದರೋ ಎಲ್ಲ ವಿದ್ಯೆಗಳಿಗಿಂತ ದೀರ್ಘವೂ ವೆಚ್ಚದ್ದೂ ಆದುದರಿಂದ ಈ ಕೂಡಿಕೆಯೊಳಗೆ ಕಟ್ಟಕಡೆಗೆ ಬಂದಿತು; ಎಲ್ಲಕ್ಕೂ ಮೊದಲು ಸಡಿಲುತ್ತಿರುವುದೂ ಅದೇ. ಇದು ನನ್ನ ಅಭಿಪ್ರಾಯ. ಇದಕ್ಕೆ ಆಧಾರಗಳನ್ನು ಮುಂದೆ ಕೊಡುತ್ತೇನೆ.

೨. ಪ್ರಾಚೀನ ಪದ್ಧತಿ

ವಿಜಾಪುರ ಪ್ರಾಂತದ ಸಾಲೋಟಗಿಯ ಶಾಸನವು (ಕ್ರಿ. ಶ. ೯೪೫) ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಆತನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದುದನ್ನೂ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ೨೭ ಮನೆಗಳಿದ್ದುದನ್ನೂ ಅದು ಹೇಳುತ್ತದೆ. ದೀಪದೆಣ್ಣೆಗೂ ಭೂಮಿಯನ್ನು ಬಿಟ್ಟಿದ್ದರೆಂಬುದು ಗಮನಾರ್ಹ. ರಾತ್ರಿಯಲ್ಲಿ ಓದುವವನಿಗೆ ಬೆಳಕು ಬೇಕೆಂಬುದನ್ನು ದಾನಿಯು ಮರೆತಿರಲಿಲ್ಲ.

ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವಾಮಶಕ್ತಿ ಪಂಡಿತನು ಅಲ್ಲಿಯ ಆಚಾರ್ಯನಾಗಿದ್ದ ಕಾಲದಲ್ಲಿ ಹುಟ್ಟಿದ ಆ ಲೇಖವು ಮಠದಲ್ಲಿ ಪಾಠವಾಗುತ್ತಿದ್ದ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ ನಾಟಕಗಳನ್ನು ಎಣಿಸುತ್ತದೆ; ಬಳಿಕ ದೀನರಿಗೂ ಕುಂಟರಿಗೂ ಕುರುಡರಿಗೂ ಅನ್ನವೀಯುವ ಸ್ಥಾನವದೆಂದೂ, ನಾನಾ ರೋಗಿಗಳಿಗೆ ಔಷಧವೀಯುವ ಸ್ಥಾನವದೆಂದೂ, ಸಕಲ ಜೀವಿಗಳಿಗೆ ಅಭಯಸ್ಥಾನವೆಂದೂ ವರ್ಣಿಸುತ್ತದೆ. ಔಷಧದ ಮಾತು ಇಲ್ಲಿ ದಾನಗಳ ಸಾಲಿನಲ್ಲಿ ಬಂದಿದೆಯೆಂಬುದನ್ನು ಓದುಗರು ಲಕ್ಷ್ಯದಲ್ಲಿಡಬೇಕು. ಅನ್ನ, ವಿದ್ಯೆ, ಔಷಧ, ಅಭಯಗಳು ಒಂದೇ ಮಾಡಿನ ಕೆಳಗೆ ಇರತಕ್ಕವೆಂಬ ಭಾವನೆಯು ನಮ್ಮ ನಾಡಿಗೆ ಹೊಸತಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಹಾಗೆಂದು ಪ್ರಾಚೀನವೆಲ್ಲವೂ ನಿರ್ದುಷ್ಟವೆನ್ನಲಾಗದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯವಿದ್ಯೆಗೆ ಯಾರು ಅಧಿಕಾರಿಗಳೆಂಬ ಪ್ರಸಂಗ ಬಂದಾಗ ಮೂರು ವರ್ಣಗಳನ್ನು ಹೇಳಿ, ಕುಲಗುಣಸಂಪನ್ನನಾದ ಶೂದ್ರನಿಗೂ ಮಂತ್ರವನ್ನು ಬಿಟ್ಟು, ಉಪನಯನವಿಲ್ಲದೆ ಕಲಿಸಬಹುದೆಂಬುದನ್ನು ಕೆಲವರ ಮತವೆಂದು ಮಾತ್ರ ಸೂಚಿಸಿದೆ. ಆ ‘ಕೆಲವರ ಮತ’ವು ಎಲ್ಲರ ಮತವಾಗಲು ಎಷ್ಟು ಶತಮಾನಗಳು ಬೇಕಾದುವೆಂಬುದೇ ಈ ಚರಿತ್ರೆಯ ಇನ್ನೊಂದು ಮುಖ. ಅನ್ನಸಹಿತವಾದ ವಿದ್ಯೆಯು ಇದ್ದಿತು. ಅದು ಎಲ್ಲರಿಗೂ ಇರಲಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಈ ಪದ್ಧತಿಯ ಶೇಷವು ಬಹುಕಾಲ ಉಳಿಯಿತು. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವ ವಾರಾನ್ನದ ಪದ್ಧತಿಯನ್ನು ನಮ್ಮ ಗುರುಗಳ ತಲೆಮಾರಿನವರು ಚೆನ್ನಾಗಿ ಬಲ್ಲರು. ಅದರಲ್ಲಿ ಸಂಕೋಚವಿದ್ದಿತು, ಕೆಲವೊಮ್ಮೆ ಅವಮಾನವೂ ಇದ್ದಿತು. ಆದರೂ ಓದುವ ಹುಡುಗನ ಹೊಟ್ಟೆಯು ಊರಿನ ಹೊಣೆಯೆಂಬ ತತ್ತ್ವವು ಅದರಲ್ಲಿ ಅಡಗಿದ್ದಿತು.

೩. ಆಂಗ್ಲವಿದ್ಯೆಯೂ ಅನ್ನದ ಅಗಲಿಕೆಯೂ

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಸರಕಾರಿ ಶಾಲೆಗಳು ಏರ್ಪಟ್ಟುವು. ಡೆಪ್ಯುಟಿ ಚನ್ನಬಸಪ್ಪನವರಂತಹವರ ಪರಿಶ್ರಮದಿಂದ ಅಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಅಕ್ಷರವು ಹಳ್ಳಿಯವರೆಗೆ ಬಂದಿತಾದರೂ ಉಚ್ಚವಿದ್ಯೆಯು ಹಳ್ಳಿಗೆ ಬರುವಂತಿರಲಿಲ್ಲ. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಈ ಸೀಮೆಯ ಹುಡುಗನು ಪದವೀಧರನಾಗಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಅಲ್ಲಿ ಭಾಷೆ ಬೇರೆ, ನೀರು ಬೇರೆ, ಗುರುತಿನವರಿಲ್ಲ. ಸರಕಾರವು ಶಾಲೆಯನ್ನು ಕೊಟ್ಟಿತು, ಊಟದ ಮನೆಯನ್ನು ಕೊಡಲಿಲ್ಲ. ಶಾಲೆಯ ಫೀಗಿಂತ ಊಟ ವಸತಿಗಳ ಖರ್ಚೇ ಒಕ್ಕಲಿಗನ ಕೈಯನ್ನು ಕಟ್ಟಿತು.

ಅದೇ ಕಾಲಕ್ಕೆ ವೈದ್ಯರ ಅಗತ್ಯವು ಹಳ್ಳಿಹಳ್ಳಿಗೂ ಸ್ಪಷ್ಟವಾಗುತ್ತಲಿದ್ದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬಹು ಬೇಗನೆ ಕನ್ನಡ ಜಿಲ್ಲೆಗಳನ್ನು ಹೊಕ್ಕಿತು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್‌ರ ಲಸಿಕೆಯನ್ನು ಬಹುಜನರಿಗೆ ಚುಚ್ಚಿದುದು ಆ ಕಾಲದ ವೈದ್ಯಚರಿತ್ರೆಯ ಪ್ರಸಿದ್ಧ ಪ್ರಸಂಗ. ೧೯೧೮ರ ಇನ್‌ಫ್ಲುಯೆಂಜಾ ಜ್ವರವು ಉಳಿದುದನ್ನು ಹೇಳಿತು. ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿ ವಾಸಿಸಿದ ಜನರಿಗೆ ತಮ್ಮ ಮಾತನ್ನು ಬಲ್ಲ, ತಮ್ಮ ಭಯವನ್ನರಿತ ವೈದ್ಯನು ಬೇಕಾಗಿದ್ದನು. ಅಂತಹವನು ಅವರೊಳಗಿನಿಂದಲೇ ಹುಟ್ಟಬೇಕಾಗಿದ್ದಿತು.

೪. ಸಿರಸಂಗಿಯ ಮೃತ್ಯುಪತ್ರ

ಅಗಲಿದ ಅನ್ನವನ್ನು ವಿದ್ಯೆಗೆ ಕೂಡಿಸುವ ಪ್ರಯತ್ನವು ೧೮೮೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯಿಂದ ಆರಂಭವಾಗುತ್ತದೆ. ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಇದರ ಮೂಲಪುರುಷರು. ಓದುವ ಹುಡುಗರಿಗೆ ಧನಸಹಾಯ ಮಾಡುವುದು ಇದರ ಮುಖ್ಯೋದ್ದೇಶ.

ಸವದತ್ತಿ ಪ್ರಾಂತದ ಸಿರಸಂಗಿಯ ದೇಸಾಯಿ ಲಿಂಗರಾಜರು (೧೮೬೧–೧೯೦೬) ಇದನ್ನು ಬೇರೊಂದು ಎತ್ತರಕ್ಕೆ ಒಯ್ದರು. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದ ಇವರು ೧೯೦೪ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. ಔರಸ ಸಂತಾನವಿಲ್ಲದ ಲಿಂಗರಾಜರು ದೇಸಗತಿಯನ್ನು ಮತ್ತೊಬ್ಬ ದತ್ತಕನಿಗೆ ಬಿಡದೆ, ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟರು. ಅದರಿಂದ ಹುಟ್ಟಿದ ನವಲಗುಂದ–ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನಗಳು ಎಷ್ಟೋ ಮನೆತನಗಳ ಮೊದಲನೆಯ ಪದವೀಧರರನ್ನು ಬೆಳೆಸಿದುವು. ಧರ್ಮಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಸ್ವಾರಸ್ಯವುಂಟು. ದತ್ತಕವಿಧಿಯು ವಂಶವಿಚ್ಛೇದವಾಗಬಾರದೆಂಬುದಕ್ಕಾಗಿ ಏರ್ಪಟ್ಟುದು. ಅದೇ ವಿಧಿಯಿಂದ ಸಿರಸಂಗಿಗೆ ಬಂದ ಪುರುಷನು ಮುಂದಿನ ದತ್ತಕನ ಸ್ಥಾನದಲ್ಲಿ ಹೆಸರರಿಯದ ವಿದ್ಯಾರ್ಥಿಗಳ ಪರಂಪರೆಯನ್ನಿಟ್ಟನು. ಆತನನ್ನು ಜನರು ತ್ಯಾಗವೀರನೆಂದು ಕರೆದುದು ಸಾರ್ಥಕವಾಗಿದೆ.

ದ್ರವ್ಯವಿದ್ದ ಮಾತ್ರಕ್ಕೆ ವಿದ್ಯೆಯಾಗದು; ಕಲಿಸುವವರು ಬೇಕು. ೧೯೧೬ನೆಯ ಇಸವಿ ನವೆಂಬರ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯು ಸ್ಥಾಪಿತವಾಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಂಡಿತಪ್ಪ ಚಿಕ್ಕೋಡಿ, ಎಚ್. ಎಫ್. ಕಟ್ಟೀಮನಿ, ವೀರನಗೌಡ ಪಾಟೀಲ ಎಂಬ ಏಳು ಜನರನ್ನು ಸಪ್ತರ್ಷಿಗಳೆಂದು ಇಂದಿಗೂ ಸ್ಮರಿಸುತ್ತಾರೆ. ಸಾಹಿತ್ಯಾಭ್ಯಾಸಿಗಳಿಗೆ ಇವರಲ್ಲಿ ಇಬ್ಬರ ಹೆಸರು ಚಿರಪರಿಚಿತ. ಬಸವನಾಳರು ವಚನಶಾಸ್ತ್ರದ ಸಂಶೋಧಕರಾಗಿ ೧೯೪೪ರ ರಬಕವಿ ಸಾಹಿತ್ಯಸಮ್ಮೇಲನಕ್ಕೆ ಅಧ್ಯಕ್ಷರಾದರು. ಸಾಖರೆಯವರು ೧೯೪೨ರಲ್ಲಿ ಲಿಂಗಾಯತ ಧರ್ಮದ ಇತಿಹಾಸ ತತ್ತ್ವಗಳನ್ನು ಕುರಿತು ಆಂಗ್ಲಭಾಷೆಯಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಇಂತಹ ಯೋಗ್ಯತೆಯುಳ್ಳವರು ಸರಕಾರಿ ಉದ್ಯೋಗದ ಮಾರ್ಗವನ್ನು ಬಿಟ್ಟು ಶಾಲಾಮಾಸ್ತರರಾಗಿ ನಿಂತರು. ಆ ಸಂಸ್ಥೆಯ ಪ್ರೌಢಶಾಲೆಯು ಗಿಲಗಂಚಿ–ಅರಟಾಳರ ಹೆಸರನ್ನು ಹೊತ್ತಿತು. ೧೯೩೩ರಲ್ಲಿ ಬೆಳಗಾವಿಗೆ ಕಾಲೇಜು ಬಂದಾಗ ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟರು. ಮೂರನೆಯ ಕೊರತೆಯು ಇವರಿಂದ ನೀಗಿತು. ಮನೆಯಲ್ಲಿ ಹೇಳಿಕೊಡುವ ಹಿರಿಯರಿಲ್ಲದ ಹುಡುಗನಿಗೆ ಶಾಲೆಯಲ್ಲಿ ಏಳು ಜನ ಹಿರಿಯರು ದೊರೆತರು.

೫. ನಾಗನೂರು ಮಠದ ಪ್ರಸಾದನಿಲಯ

ಬೈಲಹೊಂಗಲ ತಾಲ್ಲೂಕಿನ ನಾಗನೂರು ಚಿಕ್ಕ ಊರು. ಅಲ್ಲಿಯ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ೧೯೩೨ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಇದಕ್ಕೆ ಮೊದಲೇ ಇಂತಹ ನಿಲಯವನ್ನು ನಡೆಸುತ್ತಿದ್ದರು. ಈ ನಿಲಯಗಳ ಆರ್ಥಿಕಮೂಲವನ್ನು ವಿಚಾರಿಸಿದರೆ ಅದು ಅರಸನ ದತ್ತಿಯಲ್ಲ, ಸುಗ್ಗಿಯ ಕಣ. ಸ್ವಾಮಿಗಳು ಹಳ್ಳಿಗಳನ್ನು ಸುತ್ತುವರು. ಭಕ್ತರು ಜೋಳದ ಚೀಲಗಳನ್ನು ಕೊಡುವರು. ಆ ಜೋಳವು ಬೆಳಗಾವಿಯಲ್ಲಿ ರೊಟ್ಟಿಯಾಗಿ ಅದೇ ಹಳ್ಳಿಯ ಹುಡುಗನ ತಟ್ಟೆಗೆ ಬರುವುದು. ಹಿಂದಿನ ವಾರಾನ್ನದಲ್ಲಿ ಹುಡುಗನು ಮನೆಮನೆಗೆ ಹೋಗುತ್ತಿದ್ದನು. ಇಲ್ಲಿ ಅವನ ಪರವಾಗಿ ಗುರುವೇ ಮನೆಮನೆಗೆ ಹೋದನು. ಸಂಕೋಚದ ಭಾರವು ವಿದ್ಯಾರ್ಥಿಯ ಹೆಗಲಿನಿಂದ ಇಳಿಯಿತು. ಅನ್ನಕ್ಕೆ ‘ಪ್ರಸಾದ’ವೆಂಬ ಹೆಸರಿರುವುದೂ ವ್ಯರ್ಥವಲ್ಲ. ಪ್ರಸಾದವನ್ನು ಸ್ವೀಕರಿಸುವವನು ಯಾಚಕನಲ್ಲ.

ನಿಲಯದಲ್ಲಿ ಅನ್ನದೊಡನೆ ಇನ್ನೊಂದು ವಸ್ತುವು ತಾನಾಗಿಯೇ ದೊರೆಯುತ್ತಿದ್ದಿತು. ಮೇಲಿನ ತರಗತಿಯವನು ಕೆಳಗಿನವನಿಗೆ ಗಣಿತವನ್ನು ಹೇಳಿಕೊಡುವನು. ವಿಜ್ಞಾನಶಾಖೆಗೆ ಹೋದವನು ಹೋಗಲಿರುವವನಿಗೆ ದಾರಿಯನ್ನು ತಿಳಿಸುವನು. ಹಳೆಯ ಪುಸ್ತಕಗಳು ಕೈಯಿಂದ ಕೈಗೆ ಬರುವುವು. ಇಂದು ವಿದ್ಯಾಶಾಸ್ತ್ರಜ್ಞರು ಹಿರಿಯ ವಿದ್ಯಾರ್ಥಿಗಳ ಮಾರ್ಗದರ್ಶನವೆಂದು ಯೋಜನೆಯನ್ನು ಮಾಡಿ ನಡೆಸುವ ಕಾರ್ಯವು ಇಲ್ಲಿ ಪಂಕ್ತಿಭೋಜನದಲ್ಲಿಯೇ ನೆರವೇರಿತು.

ಈ ಚಳವಳವು ಬೆಳಗಾವಿಯೊಂದರದೇ ಅಲ್ಲ. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ೧೯೦೧ರಿಂದ ಜೈನ, ಮರಾಠಾ, ಲಿಂಗಾಯತ ಮೊದಲಾದ ಸಮಾಜಗಳ ವಿದ್ಯಾರ್ಥಿನಿಲಯಗಳಿಗೆ ಆಶ್ರಯವಿತ್ತರು. ೧೯೦೮ರಲ್ಲಿ ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಮಕ್ಕಳಿಗಾಗಿಯೂ ಅಲ್ಲಿ ನಿಲಯವು ಏರ್ಪಟ್ಟಿತು. ಸಮಾಜಕ್ಕೊಂದು ನಿಲಯವೆಂಬ ಈ ಪದ್ಧತಿಯಿಂದ ಲಾಭವಾದಂತೆ ಹಾನಿಯೂ ಆಯಿತು. ಶ್ರೀಮಂತ ದಾನಿಗಳುಳ್ಳ ಸಮಾಜದ ಹುಡುಗನು ಮುಂದೆ ಬಂದನು. ಅಂತಹ ದಾನಿಗಳಿಲ್ಲದ ಸಮಾಜದವನು ಹಿಂದುಳಿದನು. ಮುಂಬಯಿ ಸರಕಾರವು ನೇಮಿಸಿದ ಸ್ಟಾರ್ಟ್ ಸಮಿತಿಯು ೧೯೩೦ರ ತನ್ನ ವರದಿಯಲ್ಲಿ ದಲಿತವರ್ಗಗಳ ವಿದ್ಯಾರ್ಥಿಗಳಿಗೆ ನಿಲಯಗಳನ್ನೂ ವೇತನಗಳನ್ನೂ ಸೂಚಿಸಿತು. ೧೯೪೪ರಲ್ಲಿ ಭಾರತ ಸರಕಾರವು ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ನಾಗನೂರು ಮಠದ ನಿಲಯದಲ್ಲಿ ನಾನಾ ಜಾತಿಯ ಹುಡುಗರು ಉಂಡು ಓದಿದರೆಂಬುದು ಈ ಹಿನ್ನೆಲೆಯಲ್ಲಿ ವಿಶೇಷವಾಗಿ ಸ್ಮರಣೀಯ. ಹೆಣ್ಣುಮಕ್ಕಳ ನಿಲಯಗಳಾದರೋ ಎಲ್ಲೆಡೆಯೂ ಗಂಡುಮಕ್ಕಳ ನಿಲಯಗಳಿಗಿಂತ ಬಹಳ ತಡವಾಗಿ ಬಂದುವು. ಅದರ ಫಲವನ್ನು ನಾಡಿನ ತಾಯಂದಿರು ಹೆರಿಗೆಯ ಕೋಣೆಗಳಲ್ಲಿ ಅನುಭವಿಸಿದರು.

೬. ವೈದ್ಯವಿದ್ಯೆಯ ಆಗಮನ

ಮುಂಬಯಿಯ ಗ್ರಾಂಟ್ ವೈದ್ಯಕಾಲೇಜು ೧೮೪೫ರದು. ಅದಕ್ಕಿಂತ ಕಡಿಮೆ ಅವಧಿಯ, ಕಡಿಮೆ ವೆಚ್ಚದ ಲೈಸೆನ್ಸಿಯೇಟ್ ಶಿಕ್ಷಣವು ವೈದ್ಯಶಾಲೆಗಳಲ್ಲಿ ದೊರೆಯುತ್ತಿದ್ದಿತು. ಬಡವರ ಮಕ್ಕಳಿಗೆ ಇದು ಕೆಳಗಿನ ಮೆಟ್ಟಿಲಾಗಿದ್ದಿತು. ಬೆಳಗಾವಿಯಲ್ಲಿ ೧೯೩೩ರಲ್ಲಿ ಆರಂಭವಾಗಿ ಈಗ ಬಿ. ಎಂ. ಕಂಕಣವಾಡಿಯವರ ಹೆಸರನ್ನು ಹೊತ್ತಿರುವ ಆಯುರ್ವೇದ ಮಹಾವಿದ್ಯಾಲಯವು ಇನ್ನೊಂದು ದಾರಿಯನ್ನು ತೆರೆಯಿತು.

೧೯೪೬ರಲ್ಲಿ ಭೋರ್ ಸಮಿತಿಯು ತನ್ನ ಪ್ರಸಿದ್ಧ ವರದಿಯನ್ನು ಒಪ್ಪಿಸಿತು. ದೇಶದಲ್ಲಿ ಸುಮಾರು ೬,೩೦೦ ಜನರಿಗೆ ಒಬ್ಬ ವೈದ್ಯನೂ ೪೩,೦೦೦ ಜನರಿಗೆ ಒಬ್ಬ ದಾದಿಯೂ ಇದ್ದರೆಂದು ಅದು ಲೆಕ್ಕಹಾಕಿತು. ಆದರೂ ಮುಂದೆ ಒಂದೇ ಬಗೆಯ, ಪೂರ್ಣ ಪದವಿಯ ವೈದ್ಯನಿರಬೇಕೆಂದು ಬಹುಮತದಿಂದ ನಿರ್ಣಯಿಸಿತು. ಲೈಸೆನ್ಸಿಯೇಟ್ ಶಿಕ್ಷಣವನ್ನು ಕೆಲಕಾಲವಾದರೂ ಉಳಿಸಬೇಕೆಂಬ ಭಿನ್ನಮತವು ಸಮಿತಿಯೊಳಗೇ ಇದ್ದಿತು. ವೈದ್ಯನ ಗುಣವು ಹೆಚ್ಚಬೇಕೆಂಬ ಬಹುಮತದ ಉದ್ದೇಶವು ಸ್ತುತ್ಯವೇ. ಆದರೆ ಏಣಿಯ ಕೆಳಗಿನ ಮೆಟ್ಟಿಲನ್ನು ತೆಗೆದಾಗ ನೆಲದ ಮೇಲೆ ನಿಂತವನಿಗೆ ಏಣಿಯು ದೂರವಾಯಿತೆಂಬುದನ್ನೂ ಚರಿತ್ರಕಾರನು ಹೇಳಬೇಕಾಗುತ್ತದೆ. ಇದರ ಬಳಿಕ ವೈದ್ಯನಾಗಬಯಸುವ ಬಡ ವಿದ್ಯಾರ್ಥಿಗೆ ಇನ್ನಷ್ಟು ದೀರ್ಘಕಾಲದ ಅನ್ನವೂ ಆಶ್ರಯವೂ ಬೇಕಾಯಿತು.

೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕಾಲೇಜು ಬಂದಿತು. ೧೯೬೩ರಲ್ಲಿ ಮೇಲೆ ಹೇಳಿದ ಸೊಸೈಟಿಯೇ ಬೆಳಗಾವಿಯಲ್ಲಿ ಜವಾಹರಲಾಲ ನೆಹರು ವೈದ್ಯಕಾಲೇಜನ್ನು ತೆರೆಯಿತು. ಏಳು ಮಾಸ್ತರರ ಶಾಲೆಯು ೪೭ ವರ್ಷಗಳಲ್ಲಿ ವೈದ್ಯಕಾಲೇಜಾಗಿ ಬೆಳೆದುದು ಸಾಮಾನ್ಯ ಸಂಗತಿಯಲ್ಲ. ಆಗ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು (೧೯೫೪–೬೭) ಡಿ. ಸಿ. ಪಾವಟೆಯವರು. ಇವರು ಗೋಕಾಕ ತಾಲ್ಲೂಕಿನ ಮಮದಾಪುರದ ಒಕ್ಕಲು ಮನೆತನದಲ್ಲಿ ೧೮೯೯ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಬಂದವರು. ಹಳ್ಳಿಯಿಂದ ಹೊರಟ ವಿದ್ಯಾರ್ಥಿಯೊಬ್ಬನು ವಿಶ್ವವಿದ್ಯಾಲಯದ ಚುಕ್ಕಾಣಿಯನ್ನು ಹಿಡಿದಿದ್ದ ಕಾಲದಲ್ಲಿಯೇ ಹಳ್ಳಿಯವರಿಗೆ ಸಮೀಪದಲ್ಲಿ ವೈದ್ಯವಿದ್ಯೆಯು ಬಂದುದು ಗಮನಾರ್ಹ.

ಈ ಕಾಲೇಜಿನ ಕಾರ್ಯಗಳಲ್ಲಿ ಒಂದನ್ನು ಮಾತ್ರ ಉದಾಹರಿಸುವೆನು. ೨೦೦೨ರಿಂದ ೨೦೦೫ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ೧,೬೨೦ ಗರ್ಭಿಣಿಯರನ್ನೊಳಗೊಂಡ ಪರೀಕ್ಷೆಯೊಂದು ನಡೆಯಿತು. ಹೆರಿಗೆಯಾದ ಕೂಡಲೇ ಆಗುವ ಅತಿರಕ್ತಸ್ರಾವವು ಬಾಣಂತಿಯರ ಮರಣಕ್ಕೆ ಮುಖ್ಯಕಾರಣ. ಅದನ್ನು ತಡೆಯುವ ಚುಚ್ಚುಮದ್ದಿಗೆ ಶೀತಪೆಟ್ಟಿಗೆಯೂ ಕುಶಲಹಸ್ತವೂ ಬೇಕು. ಹಳ್ಳಿಯಲ್ಲಿ ಎರಡೂ ದುರ್ಲಭ. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ನುಂಗಿಸಿದರೆ ಸಾಕಾಗುವುದೋ ಎಂಬುದು ಪ್ರಶ್ನೆ. ಫಲಿತವು ೨೦೦೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಳಿಗೆಯಿಲ್ಲದವರಲ್ಲಿ ನೂರಕ್ಕೆ ೧೨ ಮಂದಿಗೆ ರಕ್ತಸ್ರಾವವಾಗಿದ್ದರೆ ಗುಳಿಗೆಯನ್ನು ಕೊಟ್ಟವರಲ್ಲಿ ಅದು ೬.೪ಕ್ಕೆ ಇಳಿದಿದ್ದಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಔಷಧವನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಮಲಪ್ರಭೆ ಘಟಪ್ರಭೆಗಳ ನಾಡಿನ ಹೆರಿಗೆಮನೆಯಲ್ಲಿ ಕಂಡ ಸತ್ಯವು ಲೋಕದ ವೈದ್ಯಕ್ಕೆ ಆಧಾರಗಳಲ್ಲಿ ಒಂದಾಯಿತು.

ಆ ಗುಳಿಗೆಯನ್ನು ಕೊಟ್ಟವರು ಕಾಲೇಜಿನ ಆಚಾರ್ಯರಲ್ಲ, ಹಳ್ಳಿಗಳಲ್ಲಿ ಕೆಲಸಮಾಡುವ ಸಹಾಯಕ ದಾದಿಯರು. ಚರಕನು ಚಿಕಿತ್ಸೆಗೆ ಭಿಷಕ್, ದ್ರವ್ಯ, ಉಪಸ್ಥಾತೃ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಉಪಸ್ಥಾತೃವಿಗೆ, ಎಂದರೆ ಶುಶ್ರೂಷೆ ಮಾಡುವವರಿಗೆ, ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳನ್ನು ಲಕ್ಷಣವಾಗಿ ವಿಧಿಸಿದ್ದಾನೆ. ವೈದ್ಯನಾಯಕತ್ವವೆಂದರೆ ಭಿಷಕ್ ಪಾದವೊಂದೇ ಎಂಬ ಭ್ರಮೆಯು ಈ ಉದಾಹರಣೆಯಿಂದ ನಿವಾರಣೆಯಾಗಬೇಕು. ದಾದಿಯ ವಿದ್ಯೆಗೆ ಹೊರಟ ಹಳ್ಳಿಯ ಹುಡುಗಿಗೂ ಅನ್ನ, ಆಶ್ರಯ, ಮಾರ್ಗದರ್ಶನಗಳು ಅಷ್ಟೇ ಅವಶ್ಯಕ.

೭. ಈಗಿನ ಸ್ಥಿತಿ

ಊಟ ವಸತಿಗಳ ವಿಷಯದಲ್ಲಿ ಇಂದು ಸರಕಾರವು ಬಹುಮಟ್ಟಿಗೆ ಮಠದ ಹೊಣೆಯನ್ನು ಹಂಚಿಕೊಂಡಿದೆ. ಸಮಾಜಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ನಿಲಯಗಳು ತಾಲ್ಲೂಕು ಸ್ಥಳಗಳಲ್ಲಿವೆ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಮೊದಲಿಗೆ ತಿಂಗಳಿಗೆ ೧,೫೦೦ ರೂಪಾಯಿಗಳಂತೆ ಹತ್ತು ತಿಂಗಳು ಕೊಡುತ್ತಿದ್ದ ವಿದ್ಯಾಸಿರಿ ಯೋಜನೆಯು ೨೦೧೩–೧೪ರಲ್ಲಿ ಆರಂಭವಾಯಿತು. ಸಾಲೋಟಗಿಯ ದೀಪದೆಣ್ಣೆಯ ದತ್ತಿಯೇ ಇಲ್ಲಿ ರೂಪಾಂತರವನ್ನು ಹೊಂದಿದೆಯೆನ್ನಬಹುದು.

ಆದರೆ ವೈದ್ಯವಿದ್ಯೆಯ ಅಡಚಣೆಯು ಅಡಿಗೆಮನೆಯಿಂದ ಹೆಬ್ಬಾಗಿಲಿಗೆ ಸರಿದಿದೆ. ೧೯೮೯ರ ಜೂನಿನಲ್ಲಿ ಕರ್ನಾಟಕ ಸರಕಾರವು ಹೊರಡಿಸಿದ ಆಜ್ಞೆಯ ಪ್ರಕಾರ ಖಾಸಗಿ ವೈದ್ಯಕಾಲೇಜುಗಳಲ್ಲಿ ಸರಕಾರಿ ಸ್ಥಾನಕ್ಕೆ ವರ್ಷಕ್ಕೆ ೨,೦೦೦ ರೂಪಾಯಿ, ಉಳಿದ ಕರ್ನಾಟಕದವರಿಗೆ ೨೫,೦೦೦, ಹೊರರಾಜ್ಯದವರಿಗೆ ೬೦,೦೦೦ ಫೀ ನಿಗದಿಯಾಗಿದ್ದಿತು. ೧೯೮೪ರಲ್ಲಿಯೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಬಂದಿದ್ದರೂ ವಿವಾದವು ಸುಪ್ರೀಮ್ ಕೋರ್ಟನ್ನು ಮುಟ್ಟಿ, ೧೯೯೨ರ ಮೋಹಿನಿ ಜೈನ್ ಪ್ರಕರಣದಲ್ಲಿಯೂ ೧೯೯೩ರ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ತೀರ್ಪುಗಳಾದುವು. ಅಂಕಿಗಳು ಅಂದಿನಿಂದ ಬಹಳ ಬೆಳೆದಿವೆ. ಎರಡು ಸಾವಿರಕ್ಕೂ ಇಪ್ಪತ್ತೈದು ಸಾವಿರಕ್ಕೂ ನಡುವಣ ಕಂದಕದ ಸ್ವರೂಪವು ಬದಲಾಗಿಲ್ಲ. ಒಕ್ಕಲಿಗನ ಮಗನೋ ಮಗಳೋ ದಾಟಬಲ್ಲುದು ಮೊದಲನೆಯ ಅಂಕಿಯ ಬಾಗಿಲನ್ನೇ.

ಆ ಬಾಗಿಲನ್ನು ದಾಟಲು ಈಗ ಅಖಿಲಭಾರತ ಪ್ರವೇಶಪರೀಕ್ಷೆಯಿದೆ. ೨೦೧೭ರಿಂದ ಅದನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರುವುದು ಸಂತೋಷದ ವಿಷಯ. ಆದರೆ ಅದರ ಸಿದ್ಧತೆಯು ನಗರಗಳ ತರಬೇತಿ ಕೇಂದ್ರಗಳಲ್ಲಿ ಹಣಕ್ಕೆ ದೊರೆಯುತ್ತದೆ. ಹಿಂದೆ ಪ್ರಸಾದದ ಪಂಕ್ತಿಯಲ್ಲಿ ಹಿರಿಯನು ಕಿರಿಯನಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಮಾರ್ಗದರ್ಶನವು ಈಗ ಕ್ರಯವಸ್ತುವಾಗಿದೆ. ಮೂರು ಕೊರತೆಗಳಲ್ಲಿ ಎರಡನ್ನು ನಾಡು ನೀಗಿಸಿತು. ಮೂರನೆಯದು ಹೊಸ ವೇಷದಿಂದ ಮರಳಿ ಬಂದಿದೆ. ವಿದ್ಯಾರ್ಥಿನಿಲಯಗಳು ಬರಿಯ ಊಟದ ಮನೆಗಳಾಗಿ ಉಳಿಯದೆ ಪುನಃ ಪಾಠದ ಮನೆಗಳಾಗಬೇಕು. ಆ ನಿಲಯಗಳಿಂದ ಹೊರಟು ವೈದ್ಯರಾದವರು ರಜೆಯ ದಿನಗಳಲ್ಲಿ ಅಲ್ಲಿಗೆ ಮರಳಿ ಬರಬೇಕು. ಸಪ್ತರ್ಷಿಗಳ ಮತ್ತು ಸಿರಸಂಗಿಯ ದೇಸಾಯಿಯ ಹೆಸರನ್ನು ಸ್ಮರಿಸುವ ನಾಡಿನಲ್ಲಿ ಇದು ಅಸಾಧ್ಯವಾದ ಕಾರ್ಯವಲ್ಲ.

೮. ಒಂದು ಸೂಚನೆ

ಈ ವಿಷಯದ ಸಮಗ್ರ ಚರಿತ್ರೆಯನ್ನು ಬರೆಯಲು ಬೇಕಾದ ಸಾಮಗ್ರಿಯು ಗ್ರಂಥಭಂಡಾರಗಳಲ್ಲಿಲ್ಲ. ಅದು ಮಠಗಳ ಉಗ್ರಾಣದ ಲೆಕ್ಕಗಳಲ್ಲಿ, ನಿಲಯಗಳ ಹಾಜರಿ ಪುಸ್ತಕಗಳಲ್ಲಿ, ಟ್ರಸ್ಟುಗಳ ಅರ್ಜಿಗಳ ಕಟ್ಟುಗಳಲ್ಲಿ ಇರತಕ್ಕದ್ದು. ಯಾವ ಊರಿನಿಂದ ಎಷ್ಟು ಚೀಲ ಜೋಳ ಬಂದಿತು, ಯಾವ ಊರಿನ ಹುಡುಗನು ಯಾವ ವರ್ಷ ಬಂದು ಯಾವ ವರ್ಷ ಹೋದನು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಇಂತಹ ಕಾಗದಗಳು ಗೆದ್ದಲಿಗೂ ಮಳೆಗೂ ಸುಲಭವಾಗಿ ತುತ್ತಾಗುವುವು. ತಾಮ್ರಶಾಸನವನ್ನು ಕಂಡರೆ ಓಡಿಹೋಗಿ ಪಡಿಯಚ್ಚನ್ನು ತೆಗೆಯುವ ನಾವು ಈ ಕಿರ್ದಿಪುಸ್ತಕಗಳನ್ನು ರದ್ದಿಯವನಿಗೆ ಬಿಡುವುದು ಯುಕ್ತವಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಕಾಲೇಜುಗಳಲ್ಲಿ ಇತಿಹಾಸವನ್ನೂ ಸಾಹಿತ್ಯವನ್ನೂ ಬೋಧಿಸುವ ಮಹನೀಯರು ತಮ್ಮ ವಿದ್ಯಾರ್ಥಿಗಳ ನೆರವಿನಿಂದ ಇವನ್ನು ಸಂಗ್ರಹಿಸಿ, ಪ್ರತಿಮಾಡಿಸಿ, ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ. ಆ ವಿದ್ಯಾರ್ಥಿಗಳಲ್ಲಿಯೂ ಅನೇಕರು ತಮ್ಮ ಮನೆತನದಿಂದ ಮೊದಲಾಗಿ ಕಾಲೇಜಿಗೆ ಬಂದವರೇ ಆಗಿರುತ್ತಾರೆ. ಹೆಸರುಗಳನ್ನು ಓದುತ್ತ ಹೋದಂತೆ ತಮ್ಮ ಊರಿನ ಹೆಸರನ್ನೂ ಅಲ್ಲಿ ಕಾಣಬಹುದು.